ಎಣಿಕೆಗೆ ಸಿಗದ ಮನೆ

ನೋಡಿ ವೀಕ್ಷಕರೇ, ಈ ಮಾತು ನಾನು ಶುರು ಮಾಡಬೇಕಾದ್ದು ನನ್ನದೇ ಒಂದು ತಪ್ಪಿನಿಂದ.

2018ರ ಏಪ್ರಿಲ್ 28ನೇ ತಾರೀಖು ಮಣಿಪುರದ ಲೇಸಾಂಗ್ ಅನ್ನೋ ಪುಟ್ಟ ಹಳ್ಳಿಗೆ ಕರೆಂಟ್ ಬಂತು. ಅಲ್ಲಿಗೆ ದೇಶದ 5,97,464 ಹಳ್ಳಿಗಳಿಗೂ ವಿದ್ಯುತ್ ಮುಟ್ಟಿತು ಅಂತ ಕೇಂದ್ರ ಸರ್ಕಾರ ಹೇಳಿತು. ದೊಡ್ಡ ಸುದ್ದಿ. ನಾನೂ ಅವತ್ತು ಬುಲೆಟಿನ್‌ನಲ್ಲಿ ಎದೆಯುಬ್ಬಿಸಿ ಓದಿದೆ, 'ಇನ್ನು ಭಾರತದಲ್ಲಿ ಕತ್ತಲ ಹಳ್ಳಿಯೇ ಇಲ್ಲ' ಅಂತ. ಎಂಜಿನಿಯರಿಂಗ್ ಓದಿ ಬಂದವನು, ಕಂಬ, ತಂತಿ, ಟಿಸಿ ಅಂದ್ರೆ ಏನು ಅಂತ ಗೊತ್ತಿರೋನು. ಆದ್ರೂ ಒಂದು ಪ್ರಶ್ನೆ ಕೇಳದೆ ಓದಿಬಿಟ್ಟೆ.

ಎರಡು ದಿನ ಬಿಟ್ಟು ಆಫೀಸಿಗೊಂದು ಫೋನ್ ಬಂತು. ಎಚ್.ಡಿ. ಕೋಟೆ ಕಡೆಯ, ಕಾಡಂಚಿನ ಒಂದು ಹಾಡಿಯವರು. ವಯಸ್ಸಾದ ದನಿ. 'ಸಾರ್, ದೇಶಕ್ಕೆಲ್ಲ ಕರೆಂಟ್ ಬಂತು ಅಂದ್ರಲ್ಲ, ಅದನ್ನ ನಾನು ಅಂಗಡಿ ಟೀವೀಲಿ ನೋಡಿದ್ದು. ನಮ್ಮ ಹಾಡೀಲಿ ಇನ್ನೂ ಸೀಮೆಣ್ಣೆ ಬುಡ್ಡಿನೇ. ಹಂಗಾರೆ ನಾವು ಯಾವ ದೇಶದೋರು?' ಅಂದ್ರು. ಕೋಪ ಇರಲಿಲ್ಲ. ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ ಹಾಗಿತ್ತು. ನನ್ನ ಹತ್ರ ಉತ್ತರ ಇರಲಿಲ್ಲ. 'ವಿಚಾರಿಸ್ತೀನಿ ಯಜಮಾನ್ರೇ' ಅಂದು ಫೋನ್ ಇಟ್ಟೆ.

ವಿಚಾರಿಸಿದೆ. ನಾನು ಓದಿದ ಸುದ್ದಿ ಸುಳ್ಳಲ್ಲ. ಆ ಹಿರಿಯರು ಹೇಳಿದ್ದೂ ಸುಳ್ಳಲ್ಲ. ಎರಡೂ ನಿಜ ಆಗೋದು ಹೇಗೆ? ಅದಕ್ಕೆ ಉತ್ತರ ಒಂದು ಸರ್ಕಾರಿ ವ್ಯಾಖ್ಯೆಯಲ್ಲಿದೆ. 1997ಕ್ಕೆ ಮುಂಚೆ, ಹಳ್ಳಿಯ ಕಂದಾಯ ಎಲ್ಲೆಯೊಳಗೆ ಎಲ್ಲೇ ಆಗಲಿ, ಯಾವ ಕೆಲಸಕ್ಕೇ ಆಗಲಿ ಕರೆಂಟ್ ಬಳಸಿದ್ರೆ ಸಾಕು, ಆ ಹಳ್ಳಿ ವಿದ್ಯುತ್ ಬಂದ ಹಳ್ಳಿ. ಊರಾಚೆ ಒಬ್ಬ ರೈತರ ಹೊಲದಲ್ಲಿ ಒಂದು ಪಂಪ್‌ಸೆಟ್ ಓಡ್ತಿದ್ರೂ ಲೆಕ್ಕದಲ್ಲಿ ಊರಿಗೆಲ್ಲ ಬೆಳಕು! 1997ರಲ್ಲಿ ಅದನ್ನ ಬದಲಾಯಿಸಿ, ಜನ ವಾಸ ಮಾಡೋ ಜಾಗದಲ್ಲೇ ಕರೆಂಟ್ ಬಳಕೆ ಇರಬೇಕು ಅಂದ್ರು. 2004ರಲ್ಲಿ ಮತ್ತೆ ಬಿಗಿ ಮಾಡಿದ್ರು. ಊರಲ್ಲೂ ದಲಿತರ ಕೇರಿಯಲ್ಲೂ ಟಿಸಿ, ಲೈನು ಇರಬೇಕು. ಶಾಲೆ, ಪಂಚಾಯ್ತಿ ಕಚೇರಿ, ಆಸ್ಪತ್ರೆಯಂಥ ಕಡೆ ಸಂಪರ್ಕ ಇರಬೇಕು. ಕೊನೆಗೆ, ಮನೆಗಳಲ್ಲಿ ಕನಿಷ್ಠ ಶೇ. 10ರಷ್ಟಕ್ಕೆ ಕರೆಂಟ್ ಇರಬೇಕು.

ಶೇ. 10. ಅಂದ್ರೆ ನೂರು ಮನೆಯಲ್ಲಿ ಹತ್ತು ಮನೆಗೆ ದೀಪ ಹತ್ತಿದ್ರೆ ಊರಿಗೆ ಕರೆಂಟ್ ಬಂತು ಅಂತ ಲೆಕ್ಕ. ಮಿಕ್ಕ ತೊಂಬತ್ತು? ಅದೂ ಅಲ್ಲದೆ, ಎಣಿಸ್ತಿದ್ದಿದ್ದು ಕಂದಾಯ ಗ್ರಾಮಗಳನ್ನ. ಗ್ರಾಮದಿಂದ ದೂರ, ಕಾಡಂಚಲ್ಲಿರೋ ಹಾಡಿಗೆ ಆ ಎಣಿಕೆಯಲ್ಲಿ ತನ್ನದೇ ಅಂತ ಒಂದು ಸಾಲೂ ಇಲ್ಲ.

ಅವತ್ತಿನಿಂದ ನನಗೆ ಒಂದು ವಿಷಯ ಹಿಡಿದುಕೊಂಡಿತು. ಹಳ್ಳಿಗೆ ಕರೆಂಟು, ನೀರು ಅಂತ ಸರ್ಕಾರಗಳು ಅನುದಾನ ಕೊಟ್ಟಿವೆ, ಸಾಲ ಕೊಟ್ಟಿವೆ, ಸಾಲ ತಂದೂ ಕೊಟ್ಟಿವೆ. ನಾವು ಸುದ್ದಿಯವರು 'ಎಷ್ಟು ಕೋಟಿ' ಅಂತ ಕೇಳ್ತೀವಿ. ಆದ್ರೆ ನೂರಿಪ್ಪತ್ತು ವರ್ಷದ ಚರಿತ್ರೆ ತಿರುವಿ ಹಾಕಿದ್ರೆ ಕಾಣೋದೇ ಬೇರೆ. ಆ ದುಡ್ಡು ಏನನ್ನ ಎಣಿಸುತ್ತೋ ಅಲ್ಲಿಗೆ ಮಾತ್ರ ತಲುಪುತ್ತೆ. ಎಣಿಕೆಗೆ ಸಿಗದ ಮನೆ ಕತ್ತಲಲ್ಲೇ ಉಳಿಯುತ್ತೆ.

ನಮ್ಮ ಮೈಸೂರಿನ ಕಥೆಯಿಂದಲೇ ಶುರು ಮಾಡೋಣ.

1902ರ ಜೂನ್. ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ಲೈನುಗಳಲ್ಲಿ ಒಂದು ಅದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹುಟ್ಟಿದ ಯೋಜನೆ. ಎಂಜಿನಿಯರ್ ಜೋಲಿ ದ ಲೋಟ್‌ಬಿನಿಯರ್ ಅವರ ಕೈಕೆಲಸ. ನಾವೆಲ್ಲ ಹೆಮ್ಮೆಪಡೋ ವಿಷಯ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಸಂಸ್ಥಾನ ಅಷ್ಟು ಧೈರ್ಯವಾಗಿ ದುಡ್ಡು ಹಾಕಿದ್ದು ಯಾಕೆ? ಗಿರಾಕಿ ಮೊದಲೇ ಗೊತ್ತಿದ್ದ. ಚಿನ್ನದ ಗಣಿ ಕಂಪನಿಗಳು ಇಷ್ಟು ಕರೆಂಟು ತಗೋತೀವಿ, ಇಷ್ಟು ದುಡ್ಡು ಕೊಡ್ತೀವಿ ಅಂತ ಕರಾರು ಮಾಡಿಕೊಂಡಿದ್ವು. ಲೈನು ಹಾದು ಹೋದದ್ದು ಹಳ್ಳಿಗಳ ಹೊಲಗದ್ದೆ ಮೇಲೇ. ತಲೆ ಮೇಲೆ ಮಿಂಚು ಹರೀತಿತ್ತು, ಕೆಳಗೆ ಹರಳೆಣ್ಣೆ ದೀಪ. ಆಗ ಸಂಸ್ಥಾನ ಎಣಿಸಿದ್ದು ಗಣಿಗೆ ಎಷ್ಟು ಶಕ್ತಿ ಬೇಕು, ಅದರಿಂದ ಬೊಕ್ಕಸಕ್ಕೆ ಎಷ್ಟು ಬರುತ್ತೆ ಅಂತ. ಹಳ್ಳಿ ಮನೆ ಆ ಎಣಿಕೆಯಲ್ಲೇ ಇರಲಿಲ್ಲ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ ಬಂತು. ಇವತ್ತು ದಸರಾದಲ್ಲಿ ಅರಮನೆಗೆ ಹತ್ತೋ ಸುಮಾರು ಒಂದು ಲಕ್ಷ ಬಲ್ಬುಗಳನ್ನ ನೋಡೋಕೆ ಸುತ್ತಮುತ್ತಲ ಹಳ್ಳಿಯೋರೇ ಬರ್ತಾರೆ. ಅವರ ಅಜ್ಜಂದಿರ ಊರಿಗೆ ಮೊದಲ ಕಂಬ ನೆಡೋಕೆ ಇನ್ನೂ ಎಷ್ಟೋ ದಶಕ ಹೋದ್ವು.

ಇದರಲ್ಲಿ ಯಾರದೋ ಕೆಟ್ಟ ಬುದ್ಧಿ ಇತ್ತು ಅಂತ ನಾನು ಹೇಳ್ತಿಲ್ಲ. ಇದರ ಲೆಕ್ಕಾಚಾರನೇ ಹಾಗಿದೆ. ಹೈಟೆನ್ಷನ್ ತಂತಿ ಅಂದ್ರೆ ಎಕ್ಸ್‌ಪ್ರೆಸ್ ಬಸ್ ಇದ್ದ ಹಾಗೆ, ಊರೂರಲ್ಲಿ ನಿಲ್ಲಲ್ಲ. ನಿಲ್ಲಿಸಬೇಕು ಅಂದ್ರೆ ವೋಲ್ಟೇಜು ಇಳಿಸೋ ಟ್ರಾನ್ಸ್‌ಫಾರ್ಮರ್ ಬೇಕು, ಅಲ್ಲಿಂದ ಬೇರೆ ಲೈನು ಬೇಕು, ಕಂಬ ಬೇಕು, ನೋಡ್ಕೊಳ್ಳೋಕೆ ಲೈನ್‌ಮ್ಯಾನ್ ಬೇಕು. ಪೇಟೆಯಲ್ಲಿ ಒಂದು ಮೈಲಿ ತಂತಿ ಎಳೆದ್ರೆ ನೂರಾರು ಮನೆ ಸಿಗುತ್ತೆ. ಹಳ್ಳಿಯಲ್ಲಿ ಅದೇ ಒಂದು ಮೈಲಿಗೆ ನಾಲ್ಕು ಮನೆ, ಅದೂ ಒಂದೊಂದು ಬಲ್ಬು. ಹಾಕಿದ ಬಂಡವಾಳ ಯಾವ ಕಾಲಕ್ಕೂ ಹುಟ್ಟಲ್ಲ. ವ್ಯಾಪಾರದ ಲೆಕ್ಕದಲ್ಲಿ ಹಳ್ಳಿ ಯಾವತ್ತೂ ನಷ್ಟದ ಬಾಬ್ತು.

ಕನ್ನಂಬಾಡಿ ಕಟ್ಟೆಯ ಕಥೆಯೂ ಇದನ್ನೇ ಹೇಳುತ್ತೆ. 1911ರ ಅಕ್ಟೋಬರ್‌ನಲ್ಲಿ 81 ಲಕ್ಷ ರೂಪಾಯಿಗೆ ಮಂಜೂರಾತಿ ಸಿಗೋ ಮೊದಲು ಹಣಕಾಸಿನವರು ತಕರಾರು ಮಾಡಿದ್ರು. ಮಹಾರಾಣಿಯವರ ಒಡವೆ ಅಡ ಇಟ್ರು ಅನ್ನೋ ಮಾತು ನಮ್ಮೂರ ಜಗುಲಿಗಳಲ್ಲಿ ಇವತ್ತಿಗೂ ಕೇಳುತ್ತೆ. ಆ ಮಾತಿನಲ್ಲಿ ಅಭಿಮಾನ ದೊಡ್ಡದು. ಆದ್ರೆ ವಿಶ್ವೇಶ್ವರಯ್ಯನವರು ಮುಂದಿಟ್ಟ ವಾದ ಅಭಿಮಾನದ್ದಲ್ಲ, ಲೆಕ್ಕದ್ದು. ಬೇಸಿಗೆಯಲ್ಲಿ ಹೊಳೆ ಸಣ್ಣಗಾದ್ರೆ ಶಿವನಸಮುದ್ರದಲ್ಲಿ ಕರೆಂಟು ಕಮ್ಮಿಯಾಗುತ್ತೆ, ಕಟ್ಟೆ ಕಟ್ಟಿದ್ರೆ ವರ್ಷಪೂರ್ತಿ ನೀರು ಬಿಡಬಹುದು, ಗಣಿಗೆ ಇನ್ನೂ ಹೆಚ್ಚು ಕರೆಂಟು ಮಾರಬಹುದು. ಮಂಡ್ಯದ ಬಯಲಿಗೆ ನೀರು ಬಂದದ್ದು ದೊಡ್ಡ ಪುಣ್ಯವೇ. ಆದ್ರೆ ಖಜಾನೆಯನ್ನ ಒಪ್ಪಿಸಿದ್ರಲ್ಲಿ ಚಿನ್ನದ ಗಣಿಯ ಪಾಲು ಇತ್ತು.

ಹಾಗಾದ್ರೆ ನಷ್ಟದ ಬಾಬ್ತಿಗೆ ದುಡ್ಡು ಕೊಡೋರು ಯಾರು? ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಶ್ರೀಮಂತ ಅಮೆರಿಕದಲ್ಲೂ 1930ರ ದಶಕದಲ್ಲಿ ರೈತರ ಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಕರೆಂಟು ಇರಲಿಲ್ಲ. ಖಾಸಗಿ ಕಂಪನಿಗಳು 'ಗಿಟ್ಟಲ್ಲ' ಅಂತ ಕೈ ಎತ್ತಿದ್ವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುತ್ತಿಗೆ ಅಂತಲೇ ಒಂದು ಇಲಾಖೆ ಮಾಡಿದ್ರು, 1936ರಲ್ಲಿ ಅದಕ್ಕೆ ಕಾನೂನು ಬಂತು. ಸರ್ಕಾರ ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಸಾಲ ಕೊಡೋದು. ಆದ್ರೆ ಕಂಪನಿಗಳು ಮುಂದೆ ಬರದ ಕಡೆ ರೈತರೇ ಸೇರಿಕೊಂಡು ಸಹಕಾರ ಸಂಘ ಮಾಡಿಕೊಂಡ್ರು. ತಂತಿ ಅವರದ್ದು, ಕಂಬ ಅವರದ್ದು, ಸಾಲ ತೀರಿಸೋ ಜವಾಬ್ದಾರೀನೂ ಅವರದ್ದು. ಎರಡು ದಶಕ ಕಳೆಯೋದರೊಳಗೆ ಹೆಚ್ಚುಕಮ್ಮಿ ಎಲ್ಲ ರೈತರ ಮನೆಗೂ ದೀಪ ಬಂತು.

ಈ ಕಥೆ ನಮ್ಮ ಕರ್ನಾಟಕಕ್ಕೂ ಬಂದಿದೆ ಅಂದ್ರೆ ನಂಬ್ತೀರಾ? ಬಂದಿದ್ದು ಗೋಧಿ ಚೀಲದ ದಾರಿಯಲ್ಲಿ.

1965, 66ರ ಸುಮಾರಿಗೆ ದೇಶದಲ್ಲಿ ಒಂದರ ಹಿಂದೊಂದು ಬರ. ಪಿಎಲ್ 480 ಅನ್ನೋ ಒಪ್ಪಂದದಲ್ಲಿ ಅಮೆರಿಕದ ಗೋಧಿ ಹಡಗಲ್ಲಿ ಬರ್ತಿತ್ತು. ನಮ್ಮ ಹಿರಿಯರು ರೇಷನ್ ಅಂಗಡಿ ಮುಂದೆ ಕ್ಯೂ ನಿಂತು ತಂದ ಗೋಧಿ. ಅದನ್ನ ಮಾರಿ ಬಂದ ರೂಪಾಯಿ ಇಲ್ಲೇ, ಅಮೆರಿಕದ ಲೆಕ್ಕದಲ್ಲಿ ಜಮಾ ಆಗ್ತಿತ್ತು. ಬರ ಕಲಿಸಿದ ಪಾಠ ಏನು? ಮಳೆ ನಂಬಿಕೊಂಡ್ರೆ ಆಗಲ್ಲ, ಬಾವಿಗೆ ಪಂಪ್‌ಸೆಟ್ ಬೇಕು, ಪಂಪ್‌ಸೆಟ್‌ಗೆ ಕರೆಂಟು ಬೇಕು. 1969ರ ಜುಲೈ 25ಕ್ಕೆ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ನಾವು ಆರ್‌ಇಸಿ ಅಂತೀವಲ್ಲ, ಅದೇ. ಅದರ ಮೊದಲ ಬಂಡವಾಳದಲ್ಲಿ ದೊಡ್ಡ ಪಾಲು ಈ ಗೋಧಿಯ ರೂಪಾಯಿ. ಅಲ್ಲಿಂದ ರಾಜ್ಯಗಳ ವಿದ್ಯುತ್ ಮಂಡಳಿಗಳಿಗೆ ಸಾಲ. ನಮ್ಮಲ್ಲಿ 1957ರಲ್ಲಿ ಹುಟ್ಟಿದ ಮಂಡಳಿಗೆ. ಹಳ್ಳಿಯೋರು ಇವತ್ತಿಗೂ 'ಕೆಇಬಿಯೋರು ಬಂದ್ರು' ಅಂತಾರಲ್ಲ, ಅದೇ ಮಂಡಳಿ.

ಆ ಹೊತ್ತಿನಲ್ಲಿ ಅಮೆರಿಕದ ಮಾದರಿಯಲ್ಲೇ ದೇಶದ ಐದು ಕಡೆ ವಿದ್ಯುತ್ ಸಹಕಾರ ಸಂಘ ಮಾಡಿ ನೋಡಿದ್ರು. ಆಂಧ್ರದಲ್ಲಿ ಸಿರಿಸಿಲ್ಲ, ಗುಜರಾತಲ್ಲಿ ಕೋಡಿನಾರ್, ಮಹಾರಾಷ್ಟ್ರದಲ್ಲಿ ಮುಳಾ-ಪ್ರವರಾ, ಉತ್ತರ ಪ್ರದೇಶದಲ್ಲಿ ಲಖನೌ. ಐದನೇದು? ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ! 1969ರಲ್ಲೇ ನೋಂದಣಿಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಸಗಟಾಗಿ ಕರೆಂಟು ಕೊಳ್ಳೋದು, ಊರೂರಿಗೆ ಹಂಚೋದು, ಬಿಲ್ ವಸೂಲಿ ಮಾಡೋದು, ಎಲ್ಲ ಸಂಘದ್ದೇ. ಬಳಕೆದಾರರೇ ಅದರ ಸದಸ್ಯರು. ಐದರಲ್ಲಿ ಮುಳಾ-ಪ್ರವರಾ ಸಂಘದ ಲೈಸೆನ್ಸ್ 2011ರಲ್ಲಿ ಹೋಯ್ತು. ಹುಕ್ಕೇರಿ ಉಳಿದುಕೊಂಡಿದೆ. ಅದರ ಆಡಳಿತ ಮಂಡಳಿ ಚುನಾವಣೆ ವಿಧಾನಸಭೆ ಚುನಾವಣೆಗಿಂತ ಏನೂ ಕಮ್ಮಿ ಇರಲ್ಲ, ಜಿಲ್ಲೆಯ ಘಟಾನುಘಟಿಗಳೆಲ್ಲ ಇಳೀತಾರೆ. ನಗಬೇಡಿ. ರಾಜಕೀಯ ಇದೆ, ಜಗಳ ಇದೆ, ಐಪಿ ಸೆಟ್ಟಿನ ಸಬ್ಸಿಡಿಗೆ ಸರ್ಕಾರದ ಕಡೆ ನೋಡೋದೂ ಇದೆ. ಆದ್ರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಎಣಿಸೋದು ಸದಸ್ಯರನ್ನ. ಸದಸ್ಯನಿಗೆ ಒಂದು ಓಟು ಇದೆ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು 'ಲೆಕ್ಕ ಹೇಳ್ರಿ' ಅನ್ನೋ ಹಕ್ಕಿದೆ.

ಮಿಕ್ಕ ಕರ್ನಾಟಕದಲ್ಲಿ ಸಾಲದ ದುಡ್ಡು ಎಣಿಸಿದ್ದು ಪಂಪ್‌ಸೆಟ್‌ಗಳನ್ನ. ಅದು ತಪ್ಪು ಅಂತ ಹೇಳೋಕಾಗಲ್ಲ, ದೇಶಕ್ಕೆ ಅನ್ನ ಬೇಕಿತ್ತು. ಆದ್ರೆ ಪಂಪ್‌ಸೆಟ್ ಇರೋನಿಗೆ ಬಾವಿ ಇರಬೇಕು, ಬಾವಿ ಇರೋನಿಗೆ ಜಮೀನಿರಬೇಕು. ಕೂಲಿ ಮಾಡೋರ ಗುಡಿಸಲಿಗೆ ದೀಪ ಬರಬೇಕು ಅಂದ್ರೆ ಬೇರೆಯದೇ ಯೋಜನೆ ಬೇಕಾಯ್ತು. ಬಡವರ ಮನೆಗೆ ಒಂದು ದೀಪ ಕೊಡೋ ಭಾಗ್ಯಜ್ಯೋತಿ ಬಂದದ್ದು ಅದಕ್ಕೇ. ಪಂಪ್‌ಸೆಟ್ಟಿನ ಕಡೆ ಬರುಬರುತ್ತಾ ಮೀಟರ್ ಹೋಗಿ ಹೆಚ್‌ಪಿ ಲೆಕ್ಕ ಬಂತು, ಆಮೇಲೆ 10 ಹೆಚ್‌ಪಿವರೆಗೆ ಉಚಿತ ಆಯ್ತು. ರೈತನಿಗೆ ಸಹಾಯ ಬೇಡ ಅನ್ನೋನು ನಾನಲ್ಲ. ಆದ್ರೆ ಮೀಟರ್ ಹೋದ ಮೇಲೆ ಎಷ್ಟು ಯೂನಿಟ್ ಹೊಲಕ್ಕೆ ಹೋಯ್ತು, ಎಷ್ಟು ದಾರಿಯಲ್ಲಿ ಸೋರಿತು ಅಂತ ಖಚಿತವಾಗಿ ಹೇಳೋರು ಯಾರೂ ಇಲ್ಲ. ಬರೀ ಅಂದಾಜು. ಆ ಅಂದಾಜಿನ ಮೇಲೇ ಸಬ್ಸಿಡಿ.

ಈಗ ನೀರಿನ ಕಡೆ ಬರೋಣ. ಹಳ್ಳಿಯಲ್ಲಿ ನೀರಿನ ಕಥೆ, ಕರೆಂಟಿನ ಕಥೆ ಬೇರೆ ಬೇರೆ ಅಲ್ಲ.

ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಹೋದ್ರೆ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಬೋರ್ಡು ಕಾಣುತ್ತೆ. ಎಷ್ಟೋ ಜನ ದಿನಾ ಅದರ ಮುಂದೆ ಓಡಾಡ್ತಾರೆ. ಆ ಹೆಸರಿನ ಮನುಷ್ಯ ಯಾರು ಅಂತ ಇವತ್ತಿನ ಹುಡುಗರನ್ನ ಕೇಳಿದ್ರೆ ಗೊತ್ತಿಲ್ಲ. ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ರು. ಜನ ಪ್ರೀತಿಯಿಂದ 'ನೀರ್ ಸಾಬ್' ಅಂತಲೇ ಕರೆದ್ರು. 1988ರಲ್ಲಿ ತೀರಿಕೊಂಡ್ರು.

ಆ ಕಾಲದ ಅಳತೆ ನೋಡಿ: 250 ಜನಕ್ಕೆ ಒಂದು ಬೋರ್‌ವೆಲ್, ತಲೆಗೆ ದಿನಕ್ಕೆ 40 ಲೀಟರ್. ಇಲ್ಲಿ ಮೊದಲ ಸಲ ಎಣಿಕೆ ತಲೆ ಲೆಕ್ಕಕ್ಕೆ ಬಂತು. 'ಊರಿಗೆ ನೀರಿದೆಯಾ' ಅಂತಲ್ಲ, 'ಎಷ್ಟು ಜನಕ್ಕೆ ಎಷ್ಟು ನೀರು' ಅಂತ. ಆದ್ರೆ ಬೋರ್‌ವೆಲ್ ಕೊರೆಸೋಕೆ ಅನುದಾನ ಸಿಗುತ್ತೆ, ಕೆಟ್ಟಾಗ ರಿಪೇರಿ ಮಾಡೋರು ಯಾರು? ನಾವೆಲ್ಲ ಸಣ್ಣವರಿದ್ದಾಗ ಜಗ್ಗಿ ಜಗ್ಗಿ ನೀರು ಹೊಡೆದ ಆ ಕೈಪಂಪು, ಇಂಡಿಯಾ ಮಾರ್ಕ್ 2, ಗಟ್ಟಿ ಮಾಲು. ಆದ್ರೆ ಒಳಗಿನ ಒಂದು ವಾಷರ್ ಸವೆದ್ರೂ ಕೊಳವೆಯನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವ್ಯಾನು, ವಿಶೇಷ ಸಲಕರಣೆ, ನಾಲ್ಕಾರು ಆಳು ಬೇಕು. ವ್ಯಾನು ಇರೋದು ತಾಲ್ಲೂಕಲ್ಲಿ. ಪುಟ್ಟದೊಂದು ವಾಷರ್‌ಗೆ ಊರಿನ ಹೆಂಗಸರು ವಾರಗಟ್ಟಲೆ ಹಳೇ ಬಾವಿಗೆ ನಡೀತಿದ್ರು. ಆಮೇಲೆ ಬಂದ ಮಾರ್ಕ್ 3 ಪಂಪನ್ನ ಊರಲ್ಲೇ ಬಿಚ್ಚಿ ರಿಪೇರಿ ಮಾಡೋ ಹಾಗೆ ವಿನ್ಯಾಸ ಮಾಡಿದ್ದು ಇದೇ ಕಾರಣಕ್ಕೆ.

ನಜೀರ್ ಸಾಬ್ ಅವರ ದೊಡ್ಡತನ ಬೋರ್‌ವೆಲ್‌ಗೆ ನಿಲ್ಲಲಿಲ್ಲ. ಅಧಿಕಾರ ಊರಲ್ಲಿ ಇರದೆ ಸವಲತ್ತು ಊರಲ್ಲಿ ಉಳಿಯಲ್ಲ ಅನ್ನೋದು ಅವರ ಕೆಲಸದಲ್ಲಿ ಕಾಣುತ್ತೆ. 1983ರ ಕಾಯ್ದೆ, 1987ರ ಜನವರಿಯ ಚುನಾವಣೆ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ, ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ. ದೇಶ ಸಂವಿಧಾನ ತಿದ್ದುಪಡಿ ಮಾಡೋಕೆ ಆರು ವರ್ಷ ಮುಂಚೆ ನಮ್ಮ ರಾಜ್ಯದಲ್ಲಿ ಆದ ಕೆಲಸ. ದುಡ್ಡನ್ನ ಹಳ್ಳಿಗೆ ಕಳಿಸೋದಷ್ಟೇ ಅಲ್ಲ, ಲೆಕ್ಕದ ಪುಸ್ತಕವನ್ನೂ ಅಲ್ಲಿಗೇ ಕಳಿಸಿದ್ರು.

ಇವತ್ತಿಗೆ ಬನ್ನಿ. ಎಣಿಕೆ ಮನೆ ಬಾಗಿಲಿಗೆ ಬಂದಿದೆ, ಅದನ್ನ ಒಪ್ಪಿಕೊಳ್ಳಲೇಬೇಕು. 2005ರ ರಾಜೀವ್ ಗಾಂಧಿ ಯೋಜನೆಯಲ್ಲಿ ಕೇಂದ್ರದ್ದು ಶೇ. 90 ಅನುದಾನ, ಶೇ. 10 ಸಾಲ. 2017ರ ಸೌಭಾಗ್ಯ ಯೋಜನೆ ಹಳ್ಳಿ ಬಿಟ್ಟು ಮನೆಗಳನ್ನ ಎಣಿಸಿತು, ಎರಡೂವರೆ ಕೋಟಿಗೂ ಹೆಚ್ಚು ಮನೆಗೆ ಸಂಪರ್ಕ ಕೊಟ್ಟಿತು. ಯೋಚನೆ ಮಾಡಿ, ಎಲ್ಲ ಹಳ್ಳಿಗೂ ಕರೆಂಟು ಬಂತು ಅಂತ ನಾನು ಓದಿದ ಹೊತ್ತಿನಲ್ಲೇ ದೇಶದಲ್ಲಿ ಕೋಟಿಗಟ್ಟಲೆ ಮನೆ ಕತ್ತಲಲ್ಲಿದ್ವು! 2019ರ ಆಗಸ್ಟ್ 15ಕ್ಕೆ ಜಲಜೀವನ್ ಮಿಷನ್ ಘೋಷಣೆಯಾಯ್ತು. ಆಗ ಸುಮಾರು 19 ಕೋಟಿ ಗ್ರಾಮೀಣ ಮನೆಗಳಲ್ಲಿ 3.23 ಕೋಟಿಗೆ ಮಾತ್ರ ನಲ್ಲಿ ಇತ್ತು. ಗುರಿ ಮನೆಗೊಂದು ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಊರೊಳಗಿನ ಕಾಮಗಾರಿಗೆ ಸಾಮಾನ್ಯವಾಗಿ ಶೇ. 10ರಷ್ಟು ವಂತಿಗೆ ಊರವರದ್ದು, ಗುಡ್ಡಗಾಡಿನಲ್ಲಿ, ಪರಿಶಿಷ್ಟರೇ ಹೆಚ್ಚಿರೋ ಊರುಗಳಲ್ಲಿ ಶೇ. 5.

ಆದ್ರೆ ನಲ್ಲಿ ಎಣಿಸೋದು ಸುಲಭ, ನೀರು ಎಣಿಸೋದು ಕಷ್ಟ. ನಲ್ಲಿಗೆ ನೀರು ಬರಬೇಕು ಅಂದ್ರೆ ಮೋಟರ್ ಓಡಬೇಕು, ಮೋಟರ್ ಓಡಬೇಕು ಅಂದ್ರೆ ಪಂಚಾಯ್ತಿ ಕರೆಂಟು ಬಿಲ್ ಕಟ್ಟಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳು ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡಿರೋ ಬಾಕಿ ಬೆಟ್ಟದಷ್ಟಿದೆ. ಪೈಪು ಹಾಕೋಕೆ ಅನುದಾನ ಬರುತ್ತೆ, ಉದ್ಘಾಟನೆಗೆ ನಾವು ಕ್ಯಾಮೆರಾ ತಗೊಂಡು ಹೋಗ್ತೀವಿ. ನೀರುಗಂಟಿಯ ಸಂಬಳಕ್ಕೆ, ಸುಟ್ಟ ಮೋಟರ್ ರೀವೈಂಡಿಂಗ್‌ಗೆ, ತಿಂಗಳ ಬಿಲ್ಲಿಗೆ ದುಡ್ಡೆಲ್ಲಿಂದ? ಅದನ್ನ ಯಾರೂ ಕೇಳಲ್ಲ. 15ನೇ ಹಣಕಾಸು ಆಯೋಗ ಪಂಚಾಯ್ತಿಗಳ ಅನುದಾನದಲ್ಲಿ ಶೇ. 60ನ್ನ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು ಸುಮ್ಮನೆ ಅಲ್ಲ.

ಅನುದಾನ ಒಳ್ಳೇದಾ, ಸಾಲ ಒಳ್ಳೇದಾ ಅಂತ ನನ್ನನ್ನ ಕೇಳ್ತಾರೆ. ಬರೀ ಸಾಲ ಅಂದ್ರೆ ತೀರಿಸೋ ಶಕ್ತಿ ಇರೋನ ಮನೆಗೇ ತಂತಿ ಹೋಗುತ್ತೆ, ಶಿವನಸಮುದ್ರದ ತಂತಿ ಗಣಿಗೆ ಹೋದ ಹಾಗೆ. ಬರೀ ಅನುದಾನ ಅಂದ್ರೆ ಕಾಮಗಾರಿ ಮುಗಿದ ದಿನವೇ ಲೆಕ್ಕ ಮುಗಿಯುತ್ತೆ. ಆ ಹಾಡಿಯ ಹಿರಿಯರಿಗೆ ಅನುದಾನ ಬಿಟ್ಟು ಬೇರೆ ದಾರಿ ಇಲ್ಲ. ಹಣ ಯಾವ ಹೆಸರಲ್ಲಾದ್ರೂ ಬರಲಿ, ಎಣಿಸುವಾಗ ಅವರ ಗುಡಿಸಲು ಎಣಿಕೆಗೆ ಬರಬೇಕು. ಎಣಿಸಿದ ಪಟ್ಟಿಯನ್ನ ಅವರೇ ನೋಡಿ ಸರಿ, ತಪ್ಪು ಅನ್ನೋ ಹಾಗಿರಬೇಕು.

ಅದಕ್ಕೇ ನಿಮ್ಮಲ್ಲೊಂದು ವಿನಂತಿ. ಮುಂದಿನ ಗ್ರಾಮಸಭೆಗೆ ಹೋಗಿ. ಪೇಟೆಯಲ್ಲಿರೋರು ಹಬ್ಬಕ್ಕೆ ಊರಿಗೆ ಹೋದಾಗಲಾದ್ರೂ ಪಿಡಿಒ ಅವರನ್ನ ಮೂರು ಪ್ರಶ್ನೆ ಕೇಳಿ. ನಮ್ಮೂರಲ್ಲಿ ಇನ್ನೂ ಸಂಪರ್ಕ ಇಲ್ಲದ ಮನೆ ಯಾವ್ಯಾವುದು, ಹೆಸರು ಓದಿ. ಕಳೆದ ತಿಂಗಳು ಎಷ್ಟು ದಿನ ನೀರು ಬಿಟ್ರಿ? ಪಂಪಿನ ಕರೆಂಟು ಬಿಲ್ ಎಷ್ಟು, ಕಟ್ಟಿದ್ದೆಷ್ಟು? ಇಷ್ಟೇ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ನನ್ನ ಮೊದಲ ತಪ್ಪು ಹೇಳಿದೆ. ಎರಡನೇದನ್ನೂ ಹೇಳಿಬಿಡ್ತೀನಿ. ಅವತ್ತು ಫೋನ್ ಮಾಡಿದ ಹಿರಿಯರ ನಂಬರನ್ನ ನಾನು ಬರೆದಿಟ್ಟುಕೊಳ್ಳಲಿಲ್ಲ. ಹಾಡಿಯ ಹೆಸರನ್ನೂ ಕೇಳಲಿಲ್ಲ. ಅವರ ಮನೆಗೆ ದೀಪ ಬಂತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಯಾವ ಬುಲೆಟಿನ್‌ನಲ್ಲೇ ಆಗಲಿ 'ಶೇ. 100' ಅಂತ ಬಂದ್ರೆ ಡೆಸ್ಕಿನವರನ್ನ ಕೇಳ್ತೀನಿ: ನೂರು ಏನು? ಊರಾ, ಮನೆಯಾ, ಜನವಾ?